ಮೇಲ್ ಹೋಗ್ತಿದೆ, ಬರ್ತಿಲ್ಲ: ಪೋಸ್ಟ್‌ಫಿಕ್ಸ್, ಡವ್‌ಕಾಟ್ ಸರ್ವರ್‌ನಲ್ಲಿ ದೋಷ ಹುಡುಕುವ ಬಗೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಮಾಡಿದವರು, ನಾನು ಮೇಲ್ ಸರ್ವರ್ ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯ ಅಕೌಂಟ್ಸ್ ಮೇಡಂ.

"ಸರ್, ಮೇಲ್ ಹೋಗ್ತಿದೆ, ಆದ್ರೆ ಬರ್ತಿಲ್ಲ. ಫೋನಲ್ಲಿ ಸರ್ಟಿಫಿಕೇಟ್ ಅಂತ ಏನೋ ತೋರಿಸ್ತಿದೆ. ಟ್ರಸ್ಟ್ ಅಂತ ಒತ್ಲಾ?"

"ಒತ್ಬೇಡಿ ಮೇಡಂ, ಹತ್ತು ನಿಮಿಷ ಕೊಡಿ" ಅಂದೆ.

ಅವರ ಆ ಎರಡು ವಾಕ್ಯದಲ್ಲೇ ಅರ್ಧ ಉತ್ತರ ಇತ್ತು. ಮೇಲ್ ಹೋಗುತ್ತಿದೆ ಅಂದರೆ ನೆಟ್‌ವರ್ಕ್ ಸರಿಯಿದೆ, ಪಾಸ್‌ವರ್ಡ್ ಸರಿಯಿದೆ, ಮೇಲ್ ಕಳಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್ ಸರಿಯಿದೆ. ಬರುತ್ತಿಲ್ಲ ಅಂದರೆ ತೊಂದರೆ ಇರುವುದು ಬಂದ ಮೇಲನ್ನು ಫೋನಿಗೆ ಕೊಡುವ ಡವ್‌ಕಾಟ್ ಕಡೆ. ಈ ಬರಹದಲ್ಲಿ ಹೇಳಬೇಕು ಅಂದುಕೊಂಡಿರುವುದೂ ಇದನ್ನೇ. ಮೇಲ್ ಯಾವ ಬಾಗಿಲಲ್ಲಿ ನಿಂತಿದೆ ಅಂತ ಗೊತ್ತಾಗುವ ತನಕ ಒಂದು ಸೆಟ್ಟಿಂಗ್ ಕೂಡ ಮುಟ್ಟಬೇಡಿ. ಗೊತ್ತಿಲ್ಲದೆ ಮುಟ್ಟಿದವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ, ಬೀಗ ತೆಗೆಯುವುದು. ಬೀಗ ತೆಗೆದರೆ ಮೇಲ್ ಓಡುತ್ತದೆ ನಿಜ. ಆದರೆ ಯಾರ ಯಾರ ಮೇಲ್ ಓಡುತ್ತದೆ ಅನ್ನುವುದು ಆಮೇಲೆ ನಮ್ಮ ಕೈಯಲ್ಲಿ ಇರುವುದಿಲ್ಲ.

ಸರ್ವರ್ ಇರುವುದು ಹೀಗೆ. ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ). ಕಳಿಸಲು ಪೋಸ್ಟ್‌ಫಿಕ್ಸ್, ಓದಲು ಡವ್‌ಕಾಟ್ 2.3. ಸುಮಾರು ಮೂವತ್ತು ಮೇಲ್‌ಬಾಕ್ಸ್. ಸರ್ಟಿಫಿಕೇಟ್, ಅಂದರೆ ಸರ್ವರ್‌ನ ಗುರುತಿನ ಚೀಟಿ, ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನದು. ಉಬುಂಟುನಲ್ಲೂ ಇದೇ ಕ್ರಮ ನಡೆಯುತ್ತದೆ. ಕಮಾಂಡ್ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಅಡಿಗೆರೆ ಇರುವ ಕಡೆ ಅಂಡರ್‌ಸ್ಕೋರ್ ಹಾಕಿ.

ಲಾಗ್ ಎಲ್ಲಿದೆ?

ಡೆಬಿಯನ್ 12ಕ್ಕೆ ಬಂದವರು ಮೊದಲು ಎಡವುವುದು ಇಲ್ಲೇ. ಹಳೆ ಅಭ್ಯಾಸದಲ್ಲಿ /ವಾರ್/ಲಾಗ್/ಮೇಲ್.ಲಾಗ್ ತೆರೆಯಲು ಹೋಗುತ್ತಾರೆ, ಫೈಲೇ ಇರುವುದಿಲ್ಲ. ಈ ಆವೃತ್ತಿಯಿಂದ ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಲಾಗ್ ಎಲ್ಲ ಸಿಸ್ಟಂಡಿಯ ಜರ್ನಲ್‌ನಲ್ಲಿ ಇರುತ್ತದೆ. ನೋಡಲು ಎರಡು ಟರ್ಮಿನಲ್ ತೆರೆದುಕೊಳ್ಳಿ. ಒಂದರಲ್ಲಿ

ಜರ್ನಲ್‌ಸಿಟಿಎಲ್ -ಯು ಪೋಸ್ಟ್‌ಫಿಕ್ಸ್@- -ಎಫ್

ಇನ್ನೊಂದರಲ್ಲಿ

ಜರ್ನಲ್‌ಸಿಟಿಎಲ್ -ಯು ಡವ್‌ಕಾಟ್ -ಎಫ್

ಪೋಸ್ಟ್‌ಫಿಕ್ಸ್ ಹೆಸರಿನ ಮುಂದಿನ @ ಮತ್ತು ಅಡ್ಡಗೆರೆಯನ್ನು ಬಿಡಬೇಡಿ. ಬರೀ ಪೋಸ್ಟ್‌ಫಿಕ್ಸ್ ಅಂತ ಕೊಟ್ಟರೆ ಡೆಬಿಯನ್ 12ರಲ್ಲಿ ಕೆಲಸಕ್ಕೆ ಬರುವಂಥದ್ದು ಏನೂ ಕಾಣುವುದಿಲ್ಲ. ನಿಜವಾಗಿ ಓಡುತ್ತಿರುವ ಸೇವೆಯ ಹೆಸರು ಅದಲ್ಲ.

ಎರಡೂ ಓಡುತ್ತಿರುವಾಗ ತೊಂದರೆ ಇರುವವರಿಗೆ ಫೋನ್ ಮಾಡಿ, "ಈಗ ಒಂದ್ಸಲ ಪ್ರಯತ್ನ ಮಾಡಿ" ಅನ್ನಿ. ಲಾಗ್‌ನಲ್ಲಿ ಏನೂ ಬರಲಿಲ್ಲ ಅಂದರೆ ಅವರು ನಿಮ್ಮ ಸರ್ವರ್ ತನಕ ಬಂದೇ ಇಲ್ಲ. ಅದೂ ಒಂದು ಉತ್ತರವೇ.

ಒಂದು ಸಾಲಿನಲ್ಲಿ ಇಡೀ ಕಥೆ

ಪೋಸ್ಟ್‌ಫಿಕ್ಸ್ 3.0 ಬಂದಾಗಿನಿಂದ, ಅಂದರೆ 2015ರಿಂದ, ಪ್ರತಿ ಸಂಪರ್ಕ ಮುಗಿದಾಗಲೂ ಅದು ಒಂದು ಲೆಕ್ಕದ ಸಾಲು ಬರೆಯುತ್ತದೆ. ನನಗೆ ಅದರ ಮೇಲೆ ತುಂಬಾ ಪ್ರೀತಿ. ಎಷ್ಟೋ ಜನ ಅದನ್ನು ಓದದೆ ಮುಂದೆ ಹೋಗುತ್ತಾರೆ. ಹೀಗಿರುತ್ತದೆ:

ಡಿಸ್‌ಕನೆಕ್ಟ್ ಫ್ರಮ್ … ಇಎಚ್‌ಎಲ್‌ಓ=2 ಸ್ಟಾರ್ಟ್‌ಟಿಎಲ್‌ಎಸ್=1 ಆತ್=0/1 ಕ್ವಿಟ್=1 ಕಮಾಂಡ್ಸ್=4/5

ಇದನ್ನು ನಿಧಾನಕ್ಕೆ ಓದಿ. ಇಎಚ್‌ಎಲ್‌ಓ ಅಂದರೆ ನಮಸ್ಕಾರ ಹೇಳುವುದು. ಎರಡು ಸಲ ಹೇಳಿದ್ದಾರೆ, ಒಂದು ಟಿಎಲ್‌ಎಸ್‌ಗೆ (ಸಂಪರ್ಕವನ್ನು ಬೇರೆಯವರು ಓದದಂತೆ ಗೂಢಲಿಪಿ ಮಾಡುವುದಕ್ಕೆ) ಮುಂಚೆ, ಇನ್ನೊಂದು ಆದ ಮೇಲೆ. ಸ್ಟಾರ್ಟ್‌ಟಿಎಲ್‌ಎಸ್, ಅಂದರೆ ಟಿಎಲ್‌ಎಸ್ ಶುರುಮಾಡೋಣ ಅನ್ನುವ ಮಾತು, ಒಂದು ಸಲ ನಡೆದಿದೆ. ಆಮೇಲೆ ಇಎಚ್‌ಎಲ್‌ಓ ಮತ್ತೆ ಬಂದಿರುವುದರಿಂದ ಟಿಎಲ್‌ಎಸ್ ಕೂಡ ಸರಿಯಾಗಿ ಕೂತಿದೆ. ಆತ್ 0/1. ಲಾಗಿನ್ ಒಂದು ಸಲ ಪ್ರಯತ್ನಿಸಿದ್ದಾರೆ, ಒಂದೂ ಪಾಸಾಗಿಲ್ಲ. ಒಟ್ಟು ಐದು ಕಮಾಂಡ್‌ನಲ್ಲಿ ನಾಲ್ಕು ಸರಿ. ಅಲ್ಲಿಗೆ ತೊಂದರೆ ಪಾಸ್‌ವರ್ಡ್ ಬಾಗಿಲಲ್ಲಿ ಅಂತ ಗೊತ್ತಾಯಿತು. ಫೈರ್‌ವಾಲ್ ಕಡೆ ತಲೆ ಹಾಕುವುದು ಬೇಡ, ಸರ್ಟಿಫಿಕೇಟ್ ಕಡೆಯೂ ಬೇಡ.

ಇನ್ನೊಂದು ನೋಡಿ:

ಇಎಚ್‌ಎಲ್‌ಓ=2 ಸ್ಟಾರ್ಟ್‌ಟಿಎಲ್‌ಎಸ್=1 ಮೇಲ್=1 ಆರ್‌ಸಿಪಿಟಿ=0/1 ಕ್ವಿಟ್=1 ಕಮಾಂಡ್ಸ್=5/6

ಇಲ್ಲಿ ಆತ್ ಅನ್ನುವ ಪದವೇ ಇಲ್ಲ. ಲಾಗಿನ್ ಆಗಲು ಪ್ರಯತ್ನವನ್ನೇ ಮಾಡಿಲ್ಲ. ನೇರವಾಗಿ ಮೇಲ್ ಕಳಿಸಲು ಹೋಗಿ, ಯಾರಿಗೆ ಅಂತ ಹೇಳಿದ ಕೂಡಲೇ ತಡೆ ಬಿದ್ದಿದೆ. ಇದು "ರಿಲೇ ಆಕ್ಸೆಸ್ ಡಿನೈಡ್" ಕೇಸು, ಅಂದರೆ ಬೇರೆ ಕಡೆಗೆ ಮೇಲ್ ದಾಟಿಸಲು ಅನುಮತಿ ಇಲ್ಲ. ಸಾಮಾನ್ಯವಾಗಿ ಸರ್ವರ್ ತಪ್ಪಿರುವುದಿಲ್ಲ. ಮೇಲ್ ಆ್ಯಪ್‌ನಲ್ಲಿ "ಹೊರಹೋಗುವ ಸರ್ವರ್‌ಗೂ ಲಾಗಿನ್ ಬೇಕು" ಅನ್ನುವ ಗುರುತು ಹಾಕಿರುವುದಿಲ್ಲ, ಅಷ್ಟೆ.

ಡವ್‌ಕಾಟ್ ಕಡೆಯೂ ಇಂಥದ್ದೇ ಗುರುತು ಇದೆ. "ನೋ ಆತ್ ಅಟೆಂಪ್ಟ್ಸ್" ಅಂತ ಬಂದರೆ ಪಾಸ್‌ವರ್ಡ್ ಕೊಡುವ ಮುಂಚೆಯೇ ಹೊರಟುಹೋಗಿದ್ದಾರೆ. "ಆತ್ ಫೇಲ್ಡ್, 1 ಅಟೆಂಪ್ಟ್ಸ್" ಅಂತ ಬಂದರೆ ಪಾಸ್‌ವರ್ಡ್ ಕೊಟ್ಟು ಸೋತಿದ್ದಾರೆ.

ಸೋಮವಾರದ ಕೇಸು

ಮೇಡಂ ಫೋನ್ ಮಾಡಿದ ದಿನ ಡವ್‌ಕಾಟ್ ಲಾಗ್‌ನಲ್ಲಿ ಸಾಲು ಸಾಲಾಗಿ "ನೋ ಆತ್ ಅಟೆಂಪ್ಟ್ಸ್" ಇತ್ತು. ಅದರ ಬಾಲದಲ್ಲಿ ಎಸ್‌ಎಸ್‌ಎಲ್ (ಟಿಎಲ್‌ಎಸ್‌ನ ಹಳೆ ಹೆಸರು) ಅಲರ್ಟ್ ನಂಬರ್ 45. ಈ 45 ಅಂದರೆ "ಸರ್ಟಿಫಿಕೇಟ್ ಅವಧಿ ಮುಗಿದಿದೆ". ಒಂದು ವಿಷಯ ನೆನಪಿಡಿ. ಈ ಅಲರ್ಟ್ ಕಳಿಸಿದ್ದು ಫೋನು, ಸರ್ವರ್ ಅದನ್ನು ಬರೆದಿಟ್ಟುಕೊಂಡಿದೆ. ಫೋನು ನಮ್ಮ ಸರ್ಟಿಫಿಕೇಟ್ ನೋಡಿ ಬೇಡ ಅಂದಿದೆ.

ಆದರೆ ಸರ್ಟಿಫಿಕೇಟನ್ನು ತಾನಾಗಿ ಹೊಸದು ಮಾಡುವ ಪ್ರೋಗ್ರಾಂ ಸರ್ಟ್‌ಬಾಟನ್ನು ಕೇಳಿದರೆ ಎಲ್ಲ ಸರಿಯಿದೆ ಅನ್ನುತ್ತಿತ್ತು. ಸರ್ಟ್‌ಬಾಟ್ ಸರ್ಟಿಫಿಕೇಟ್ಸ್ ಅಂತ ಕೊಟ್ಟೆ, ಇನ್ನೂ ಎರಡು ತಿಂಗಳು ಬಾಕಿ ಇತ್ತು. ಫೈಲ್ ಹೊಸದು, ಫೋನಿಗೆ ಕಾಣುತ್ತಿರುವುದು ಹಳೆಯದು. ಹಾಗಾದರೆ ಸರ್ವರ್ ಹೊರಗಿನವರಿಗೆ ನಿಜವಾಗಿ ಏನು ತೋರಿಸುತ್ತಿದೆ ಅಂತ ಹೊರಗಿಂದಲೇ ನೋಡಬೇಕು.

ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ ಸರ್ವರ್‌ಹೆಸರು:993 -ಸರ್ವರ್‌ನೇಮ್ ಸರ್ವರ್‌ಹೆಸರು | ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಡೇಟ್ಸ್

993ರಲ್ಲಿ, ಅಂದರೆ ಡವ್‌ಕಾಟ್‌ನಿಂದ ಮೇಲ್ ಓದುವ ಪೋರ್ಟ್‌ನಲ್ಲಿ, ಬಂದ ಕೊನೆಯ ತಾರೀಖು ಹಿಂದಿನ ದಿನದ್ದು, ಭಾನುವಾರ. ಅದೇ ಕಮಾಂಡ್‌ನಲ್ಲಿ ಪೋರ್ಟ್ 587 (ಮೇಲ್ ಕಳಿಸುವ ಪೋರ್ಟ್) ಮಾಡಿ, -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ ಸೇರಿಸಿ ನೋಡಿದೆ. ಅಲ್ಲಿ ಹೊಸ ತಾರೀಖು. ಒಂದೇ ಮೆಷಿನ್, ಒಂದೇ ಫೈಲ್, ಎರಡು ಪೋರ್ಟ್‌ನಲ್ಲಿ ಎರಡು ಸರ್ಟಿಫಿಕೇಟ್.

ಯಾಕೆ ಹೀಗೆ? ಪೋಸ್ಟ್‌ಫಿಕ್ಸ್‌ನಲ್ಲಿ ಸಂಪರ್ಕ ಸ್ವೀಕರಿಸುವ ಎಸ್‌ಎಂಟಿಪಿಡಿ ಪ್ರೊಸೆಸ್‌ಗಳು ಜಾಸ್ತಿ ದಿನ ಬದುಕುವುದಿಲ್ಲ. ನೂರು ಸಂಪರ್ಕ ನೋಡಿದ ಮೇಲೆ, ಇಲ್ಲವೇ ನೂರು ಸೆಕೆಂಡ್ ಸುಮ್ನೆ ಕೂತರೆ, ಮುಗಿಸಿ ಹೊರಟುಬಿಡುತ್ತವೆ. ಹೊಸದಾಗಿ ಹುಟ್ಟಿದ ಪ್ರೊಸೆಸ್ ಸರ್ಟಿಫಿಕೇಟ್ ಫೈಲನ್ನು ಹೊಸದಾಗಿ ಓದುತ್ತದೆ. ಹಾಗಾಗಿ ಯಾರೂ ಹೇಳದಿದ್ದರೂ ಅದು ತಾನಾಗಿ ಹೊಸದಕ್ಕೆ ಬಂದಿತ್ತು. ಡವ್‌ಕಾಟ್ ಹಾಗಲ್ಲ. ಶುರುವಾಗುವಾಗ ಸರ್ಟಿಫಿಕೇಟನ್ನು ಒಮ್ಮೆ ಓದಿ ಇಟ್ಟುಕೊಳ್ಳುತ್ತದೆ. ರೀಲೋಡ್ ಅನ್ನುವ ತನಕ ಅದನ್ನೇ ತೋರಿಸುತ್ತಾ ಇರುತ್ತದೆ.

ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನದ್ದು. ಸರ್ಟ್‌ಬಾಟ್ ಅದನ್ನು ಕೊನೆಯ 30 ದಿನ ಬಾಕಿ ಇರುವಾಗ ಹೊಸದು ಮಾಡುತ್ತದೆ. ಅಂದರೆ ತಪ್ಪು ಆದದ್ದು ಒಂದು ತಿಂಗಳ ಹಿಂದೆ, ಗೊತ್ತಾದದ್ದು ಇವತ್ತು. ಆ ತಿಂಗಳಲ್ಲಿ ಎಂದಾದರೂ ಸರ್ವರ್ ರೀಸ್ಟಾರ್ಟ್ ಆಗಿದ್ದರೆ ಈ ದೋಷ ಕಾಣುತ್ತಲೇ ಇರಲಿಲ್ಲ. ಇಂಥ ತೊಂದರೆ ವರ್ಷದಲ್ಲಿ ಒಂದು ಸಲ ಬಂದು, ಇನ್ನೊಂದು ಸಲ ಬರದೆ ತಲೆ ಕೆಡಿಸುವುದು ಇದೇ ಕಾರಣಕ್ಕೆ.

ಸಿಸ್ಟಂಸಿಟಿಎಲ್ ರೀಲೋಡ್ ಡವ್‌ಕಾಟ್ ಅಂದೆ. 993ರ ತಾರೀಖು ಮತ್ತೆ ನೋಡಿದೆ, ಹೊಸದು. ಮೇಡಂ ಫೋನಿನಲ್ಲಿ ಶುಕ್ರವಾರ ರಾತ್ರಿಯಿಂದ ಅವರು ನೋಡದೆ ಬಿಟ್ಟಿದ್ದ ಮೇಲ್‌ಗಳು ಒಂದೊಂದಾಗಿ ಬರತೊಡಗಿದವು.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಇಲ್ಲದಿದ್ದರೆ ಎರಡು ತಿಂಗಳಿಗೆ ಮತ್ತೆ ಅದೇ ಫೋನ್. ಇಟಿಸಿ ಒಳಗಿನ ಲೆಟ್ಸ್‌ಎನ್‌ಕ್ರಿಪ್ಟ್ ಫೋಲ್ಡರಿನಲ್ಲಿ ರಿನ್ಯೂವಲ್-ಹುಕ್ಸ್, ಅದರೊಳಗೆ ಡಿಪ್ಲಾಯ್ ಅಂತ ಒಂದು ಫೋಲ್ಡರ್ ಇದೆ. ಅಲ್ಲಿ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಇಡಿ. ಪೋಸ್ಟ್‌ಫಿಕ್ಸ್ ರೀಲೋಡ್ ಒಂದು ಸಾಲು, ಡವ್‌ಕಾಟ್ ರೀಲೋಡ್ ಒಂದು ಸಾಲು. ಫೈಲ್‌ಗೆ ಎಕ್ಸಿಕ್ಯೂಟ್ ಅನುಮತಿ ಕೊಡಲು ಮರೆಯಬೇಡಿ, ಕೊಡದಿದ್ದರೆ ಅದು ಓಡುವುದಿಲ್ಲ. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಮೇಲ್ ಕಳಿಸುತ್ತಿತ್ತು, 2025ರ ಜೂನ್‌ನಿಂದ ಅದೂ ನಿಂತಿದೆ. ಇಂಥ ಕೇಸಿನಲ್ಲಿ ಆ ಮೇಲ್ ಇದ್ದರೂ ಉಪಯೋಗ ಇರಲಿಲ್ಲ, ಯಾಕೆಂದರೆ ಅವರ ಲೆಕ್ಕದಲ್ಲಿ ಸರ್ಟಿಫಿಕೇಟ್ ಹೊಸದಾಗಿಬಿಟ್ಟಿದೆ. ಹಾಗಾಗಿ 993ರ ತಾರೀಖನ್ನು ಹೊರಗಿಂದ ದಿನಕ್ಕೊಮ್ಮೆ ನೋಡುವ ಒಂದು ಕ್ರಾನ್ ಕೆಲಸ ಇಟ್ಟುಕೊಂಡಿದ್ದೇನೆ.

ಮೇಡಂ ಅವತ್ತು "ಟ್ರಸ್ಟ್" ಒತ್ತಿದ್ದರೆ ಅವರ ಫೋನ್ ಸರಿಯಾಗುತ್ತಿತ್ತು. ಆದರೆ ಒಂದು ಸಲ ಒತ್ತಿ ಅಭ್ಯಾಸವಾದವರು ನಾಳೆ ರೈಲ್ವೆ ಸ್ಟೇಷನ್ ವೈಫೈನಲ್ಲಿ ಯಾರೋ ತೋರಿಸಿದ ಕಳ್ಳ ಸರ್ಟಿಫಿಕೇಟ್‌ಗೂ ಒತ್ತುತ್ತಾರೆ. ಅದಕ್ಕೇ ಬೇಡ ಅಂದದ್ದು.

ಸರ್ಟಿಫಿಕೇಟ್ ವಿಷಯದಲ್ಲೇ ಇನ್ನೊಂದು ಮಾತು. ಅಲರ್ಟ್ ನಂಬರ್ 48 ಬಂದರೆ, ಅಂದರೆ "ಅನ್‌ನೋನ್ ಸಿಎ" (ಸರ್ಟಿಫಿಕೇಟ್ ಕೊಟ್ಟವರು ಯಾರೆಂದು ಗೊತ್ತಿಲ್ಲ), ನೀವು ಫುಲ್‌ಚೈನ್.ಪೆಮ್ ಬದಲು ಸರ್ಟ್.ಪೆಮ್ ಕೊಟ್ಟಿರುವ ಸಾಧ್ಯತೆ ಜಾಸ್ತಿ. ಮಧ್ಯದ ಕೊಂಡಿ ಇಲ್ಲದೆ ಕೆಲವು ಆ್ಯಪ್ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಡವ್‌ಕಾಟ್ 2.3ರಲ್ಲಿ ಸರ್ಟಿಫಿಕೇಟ್ ದಾರಿಯ ಮುಂದೆ < ಚಿಹ್ನೆ ಇರಲೇಬೇಕು. ಅದು ಬಿಟ್ಟುಹೋದರೆ ಫೈಲಿನ ಹೆಸರನ್ನೇ ಸರ್ಟಿಫಿಕೇಟ್ ಅಂದುಕೊಂಡು ತಕರಾರು ಮಾಡುತ್ತದೆ.

ಲಾಗ್‌ನಲ್ಲಿ ಏನೂ ಬರದಿದ್ದಾಗ: ಪೋರ್ಟ್ ಬಾಗಿಲು

ಸರ್ವರ್‌ನಲ್ಲಿ ಎಸ್‌ಎಸ್ -ಟಿಎಲ್‌ಎನ್‌ಪಿ ಕೊಟ್ಟು ನೋಡಿ. 25, 465, 587, 993 ಕಾಣಬೇಕು. ವಿಳಾಸದ ಜಾಗದಲ್ಲಿ 127.0.0.1 ಇದ್ದರೆ ಅದು ಒಳಗಿನವರಿಗೆ ಮಾತ್ರ ತೆರೆದಿದೆ. 587 ಕಾಣದೇ ಇದ್ದರೆ ಪೋಸ್ಟ್‌ಫಿಕ್ಸ್‌ನ ಮಾಸ್ಟರ್.ಸಿಎಫ್ ಫೈಲ್ ತೆರೆಯಿರಿ. ಸಬ್‌ಮಿಷನ್ ಸಾಲಿನ ಮುಂದೆ # ಇರುತ್ತದೆ. ಅದನ್ನು ತೆಗೆಯುವಾಗ ಅದರ ಕೆಳಗಿನ -ಓ ಸಾಲುಗಳ ಮುಂದಿನ # ಕೂಡ ತೆಗೆಯಬೇಕು, ಆದರೆ ಆ ಸಾಲುಗಳ ಮೊದಲಿನ ಖಾಲಿ ಜಾಗ ಹಾಗೇ ಉಳಿಯಬೇಕು. ಅಲ್ಲಿ = ಚಿಹ್ನೆಯ ಆಚೀಚೆ ಸ್ಪೇಸ್ ಹಾಕಬಾರದು. ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಫೈಲ್ ಮೇನ್.ಸಿಎಫ್‌ನಲ್ಲಿ ಸ್ಪೇಸ್ ಹಾಕಿ ರೂಢಿಯಾದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಹೊರಗಿಂದ ಸಂಪರ್ಕ ಮಾಡಿದಾಗ ಏನಾಗುತ್ತದೆ ಅನ್ನುವುದೂ ಸುಳಿವು. "ಕನೆಕ್ಷನ್ ರಿಫ್ಯೂಸ್ಡ್" ಅಂತ ತಕ್ಷಣ ಬಂದರೆ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ, ಅಥವಾ ಫೈರ್‌ವಾಲ್ ಬಾಯಿಬಿಟ್ಟು ಬೇಡ ಅನ್ನುತ್ತಿದೆ. ಉತ್ತರವೇ ಇಲ್ಲದೆ ಕಾದು ಕಾದು ಟೈಮ್‌ಔಟ್ ಆದರೆ ದಾರಿಯಲ್ಲಿ ಯಾರೋ ಸದ್ದಿಲ್ಲದೆ ನುಂಗುತ್ತಿದ್ದಾರೆ. ಕ್ಲೌಡ್ ಸರ್ವರ್ ಆದರೆ ಮೆಷಿನ್ ಒಳಗಿನ ಫೈರ್‌ವಾಲ್ ಬೇರೆ, ಕ್ಲೌಡ್ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನ ಫೈರ್‌ವಾಲ್ ಬೇರೆ. ಎರಡನ್ನೂ ನೋಡಿ.

ಸಂಪರ್ಕ ಆಗುತ್ತದೆ, ಆದರೆ ಹಾಗೇ ನಿಂತುಬಿಡುತ್ತದೆ. ಇದು ಮೂರನೆಯ ಬಗೆ. ಆ್ಯಪ್‌ನಲ್ಲಿ 465 ಹಾಕಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದಾಗ ಹೀಗಾಗುತ್ತದೆ. 465ರಲ್ಲಿ ಮೊದಲ ಮಾತೇ ಟಿಎಲ್‌ಎಸ್. ಆ್ಯಪ್ ಸರ್ವರ್‌ನ ನಮಸ್ಕಾರಕ್ಕೆ ಕಾಯುತ್ತದೆ, ಸರ್ವರ್ ಆ್ಯಪ್‌ನ ಟಿಎಲ್‌ಎಸ್‌ಗೆ ಕಾಯುತ್ತದೆ. ಇಬ್ಬರೂ ಕಾಯುತ್ತಾ ಕೂರುತ್ತಾರೆ. ಇದರ ಉಲ್ಟಾ, 587 ಹಾಕಿ ಎಸ್‌ಎಸ್‌ಎಲ್ ಆರಿಸಿದರೆ, "ರಾಂಗ್ ವರ್ಷನ್ ನಂಬರ್" ಅನ್ನುವ ತಪ್ಪು ಬರುತ್ತದೆ. ಹೆಸರು ನೋಡಿ ಟಿಎಲ್‌ಎಸ್ ಹಳೆಯದಾಯಿತೇನೋ ಅಂತ ಅಪ್‌ಡೇಟ್ ಮಾಡಲು ಹೊರಡಬೇಡಿ. ಆ್ಯಪ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು.

ಈ ಗೊಂದಲಕ್ಕೆ ಇತಿಹಾಸವೂ ಕಾರಣ. 465ನ್ನು 1997ರಲ್ಲಿ ಕೊಟ್ಟು ಆಮೇಲೆ ವಾಪಸ್ ತೆಗೆದುಕೊಂಡಿದ್ದರು. ಜನರ ಮೇಲ್ ಕಳಿಸಲೆಂದೇ 587 ಬಂದದ್ದು 1998ರಲ್ಲಿ. 2018ರಲ್ಲಿ ಬಂದ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 8314 ಮತ್ತೆ 465ಕ್ಕೇ ಮರ್ಯಾದೆ ಕೊಟ್ಟು, ಮೊದಲಿಂದಲೇ ಟಿಎಲ್‌ಎಸ್ ಇರುವುದು ಒಳ್ಳೆಯದು ಅಂತ ಹೇಳಿತು. ನಾನು ಎರಡನ್ನೂ ತೆರೆದಿಟ್ಟು, ಹೊಸಬರಿಗೆಲ್ಲ 465 ಹೇಳುತ್ತೇನೆ. 25 ಮಾತ್ರ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಪೋರ್ಟ್. ಜನರ ಫೋನಿಗೆ ಅದನ್ನು ಕೊಡಲೇಬಾರದು.

ಒಂದೇ ಕಚೇರಿಯಿಂದ ಯಾರಿಗೂ ಬರದಿದ್ದಾಗ

ಇದು ಪೋರ್ಟ್ ತೊಂದರೆಯ ವೇಷದಲ್ಲಿ ಬರುತ್ತದೆ. ಕಚೇರಿಯ ಎಲ್ಲರಿಗೂ ಮೇಲ್ ನಿಂತಿದೆ. ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಹೋಗುತ್ತದೆ, ಮೇಲ್ ಪೋರ್ಟ್‌ಗಳು ಮಾತ್ರ ರಿಫ್ಯೂಸ್ಡ್. ಫೋನಿನ ಮೊಬೈಲ್ ಡೇಟಾದಲ್ಲಿ ಎಲ್ಲ ಸರಿ. ಹತ್ತು ನಿಮಿಷ ಬಿಟ್ಟರೆ ತಾನಾಗಿ ಸರಿಯಾಗಿ, ಮತ್ತೆ ಕೆಡುತ್ತದೆ.

ಪಾಸ್‌ವರ್ಡ್ ಪದೇ ಪದೇ ತಪ್ಪು ಕೊಡುವ ಐಪಿ ವಿಳಾಸವನ್ನು ತಡೆಯುವ ಫೇಲ್2ಬ್ಯಾನ್ ಇದ್ದರೆ ಅದನ್ನೇ ಮೊದಲು ನೋಡಿ. ಯಾರೋ ಒಬ್ಬರು ಪಾಸ್‌ವರ್ಡ್ ಬದಲಿಸಿರುತ್ತಾರೆ. ಅವರ ಮೇಜಿನ ಡ್ರಾಯರ್‌ನಲ್ಲಿ ಹಳೆ ಟ್ಯಾಬ್ಲೆಟ್ ಒಂದು ವೈಫೈಗೆ ಅಂಟಿಕೊಂಡು, ಹಳೆ ಪಾಸ್‌ವರ್ಡ್‌ನಲ್ಲಿ ಬಾಗಿಲು ತಟ್ಟುತ್ತಲೇ ಇರುತ್ತದೆ. ಐದು ಸಲ ತಪ್ಪಾದರೆ ಹತ್ತು ನಿಮಿಷ ಬ್ಯಾನ್, ಇದು ಅದರ ಮಾಮೂಲಿ ಲೆಕ್ಕ. ಕಚೇರಿಯವರೆಲ್ಲ ಹೊರಗೆ ಒಂದೇ ಐಪಿ ವಿಳಾಸದಲ್ಲಿ ಕಾಣುವುದರಿಂದ ಒಂದು ಟ್ಯಾಬ್ಲೆಟ್ ತಪ್ಪಿಗೆ ಮೂವತ್ತು ಜನಕ್ಕೆ ಶಿಕ್ಷೆ. ಮೇಲ್ ಪೋರ್ಟ್‌ಗಳನ್ನು ಮಾತ್ರ ಮುಚ್ಚುವುದರಿಂದ ಎಸ್‌ಎಸ್‌ಎಚ್ ಓಡುತ್ತಿರುತ್ತದೆ, ಅದೇ ನಮ್ಮನ್ನು ದಾರಿ ತಪ್ಪಿಸುವುದು.

ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್ ಡವ್‌ಕಾಟ್

ಇದರಲ್ಲಿ ನಿಮ್ಮ ಕಚೇರಿಯ ಐಪಿ ಇದ್ದರೆ ಸೆಟ್ ಡವ್‌ಕಾಟ್ ಅನ್‌ಬ್ಯಾನ್‌ಐಪಿ ಅಂತ ಬಿಡಿಸಿ. ಕಚೇರಿಯ ಐಪಿ ಸ್ಥಿರವಾಗಿದ್ದರೆ ಇಗ್ನೋರ್‌ಐಪಿ ಪಟ್ಟಿಗೆ ಹಾಕಬಹುದು. ಆದರೆ ಟ್ಯಾಬ್ಲೆಟ್ ಹುಡುಕುವುದನ್ನು ಬಿಡಬೇಡಿ. ಲಾಗ್‌ನಲ್ಲಿ ಬಳಕೆದಾರರ ಹೆಸರು ಇದ್ದೇ ಇರುತ್ತದೆ. ಫೇಲ್2ಬ್ಯಾನ್ ತೆಗೆದೇ ಹಾಕುವುದಂತೂ ಬೇಡ. ಅಂದ ಹಾಗೆ, ಡೆಬಿಯನ್ 12ರಲ್ಲಿ ಲಾಗ್ ಫೈಲ್ ಇಲ್ಲ ಅಂತ ಫೇಲ್2ಬ್ಯಾನ್ ಶುರುವೇ ಆಗದೆ ಬಿದ್ದಿರಬಹುದು. ಬ್ಯಾಕೆಂಡ್ = ಸಿಸ್ಟಂಡಿ ಅಂತ ಹಾಕಿದರೆ ಜರ್ನಲ್‌ನಿಂದ ಓದುತ್ತದೆ. ಓಡುತ್ತಿದೆಯಾ ಅಂತ ಒಮ್ಮೆ ನೋಡಿಬಿಡಿ.

ಒಬ್ಬರಿಗೆ ಮಾತ್ರ ಆಗಾಗ ನಿಂತರೆ ಡವ್‌ಕಾಟ್ ಲಾಗ್‌ನಲ್ಲಿ "ಮ್ಯಾಕ್ಸಿಮಮ್ ನಂಬರ್ ಆಫ್ ಕನೆಕ್ಷನ್ಸ್" ಹುಡುಕಿ. ಒಬ್ಬ ಬಳಕೆದಾರ, ಒಂದು ಐಪಿ, ಹತ್ತು ಸಂಪರ್ಕ, ಇದು ಮಿತಿ. ಲ್ಯಾಪ್‌ಟಾಪ್, ಎರಡು ಫೋನ್, ಫೋಲ್ಡರ್‌ಗೊಂದು ಸಂಪರ್ಕ ತೆರೆಯುವ ಆ್ಯಪ್ ಇದ್ದರೆ ಹತ್ತು ಬೇಗ ತುಂಬುತ್ತದೆ. ಇಪ್ಪತ್ತು ಮಾಡಿದರೆ ಸಾಕು.

ಪಾಸ್‌ವರ್ಡ್ ಬಾಗಿಲು

ಇಲ್ಲಿ ಒಂದೇ ಪರೀಕ್ಷೆ ದಾರಿಯನ್ನು ಎರಡಾಗಿ ಸೀಳುತ್ತದೆ.

ಡವ್‌ಅಡ್ಮ್ ಆತ್ ಟೆಸ್ಟ್ ಬಳಕೆದಾರಹೆಸರು

ಪಾಸ್‌ವರ್ಡ್ ಅದೇ ಕೇಳುತ್ತದೆ. ಕಮಾಂಡ್ ಜೊತೆಗೇ ಟೈಪ್ ಮಾಡಿದರೆ ಶೆಲ್‌ನ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ, ಹಾಗೆ ಮಾಡಬೇಡಿ. "ಆತ್ ಸಕ್ಸೀಡೆಡ್" ಬಂದರೆ ಪಾಸ್‌ವರ್ಡ್ ಸರಿ, ಡವ್‌ಕಾಟ್ ಸರಿ. ಆಗಲೂ 587ರಲ್ಲಿ ಲಾಗಿನ್ ಆಗದಿದ್ದರೆ ತೊಂದರೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ನಡುವಿನ ಕೊಂಡಿಯಲ್ಲಿ. ಪೋಸ್ಟ್‌ಫಿಕ್ಸ್‌ಗೆ ಪಾಸ್‌ವರ್ಡ್ ನೋಡಲು ಸ್ವಂತ ವ್ಯವಸ್ಥೆ ಇಲ್ಲ. ಒಂದು ಸಾಕೆಟ್ (ಎರಡು ಪ್ರೋಗ್ರಾಂಗಳು ಮಾತಾಡುವ ಕಿಂಡಿ) ಮೂಲಕ ಡವ್‌ಕಾಟನ್ನೇ ಕೇಳುತ್ತದೆ.

"ಕನೆಕ್ಟ್ ಟು ಪ್ರೈವೇಟ್/ಆತ್ ಫೇಲ್ಡ್: ನೋ ಸಚ್ ಫೈಲ್" ಅಂತ ಲಾಗ್‌ನಲ್ಲಿದ್ದರೆ ಸಾಕೆಟ್ ಇಲ್ಲ ಅಥವಾ ಬೇರೆ ಜಾಗದಲ್ಲಿದೆ. ಡೆಬಿಯನ್‌ನಲ್ಲಿ ಎಸ್‌ಎಂಟಿಪಿಡಿ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಫೋಲ್ಡರಿನೊಳಗೆ ಬಂದಿಯಾಗಿ ಓಡುತ್ತದೆ. ಅದರ ಕಣ್ಣಿಗೆ ಅದೇ ಪ್ರಪಂಚ. ಹಾಗಾಗಿ ಡವ್‌ಕಾಟ್‌ನ ಸೆಟ್ಟಿಂಗ್‌ನಲ್ಲಿ ಸಾಕೆಟ್‌ನ ಪೂರ್ತಿ ದಾರಿ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಪ್ರೈವೇಟ್/ಆತ್ ಇರಬೇಕು, ಪೋಸ್ಟ್‌ಫಿಕ್ಸ್‌ನಲ್ಲಿ ಬರೀ ಪ್ರೈವೇಟ್/ಆತ್. "ಪರ್ಮಿಷನ್ ಡಿನೈಡ್" ಬಂದರೆ ಮೋಡ್ 0660, ಯೂಸರ್ ಮತ್ತು ಗ್ರೂಪ್ ಎರಡೂ ಪೋಸ್ಟ್‌ಫಿಕ್ಸ್ ಇದೆಯಾ ನೋಡಿ. 0666 ಮಾಡಿದರೂ ಓಡುತ್ತದೆ. ಆದರೆ 0660 ಸಾಕಾಗುವಾಗ ಅದು ಯಾಕೆ?

ಆತ್ ಟೆಸ್ಟ್ ಅಲ್ಲೇ ಸೋತರೆ ಮೊದಲು ಹೆಸರಿನ ರೂಪ ನೋಡಿ. ಲಿನಕ್ಸ್ ಬಳಕೆದಾರರನ್ನೇ ಮೇಲ್‌ಗೂ ಬಳಸುವ ಕಡೆ ಹೆಸರು "ಗಿರೀಶ" ಅಂತ ಇರುತ್ತದೆ, ಫೋನ್ ಆ್ಯಪ್ ಮಾತ್ರ ತಾನಾಗಿ ಇಡೀ ಮೇಲ್ ವಿಳಾಸ ಕಳಿಸುತ್ತದೆ. ಆತ್_ಯೂಸರ್‌ನೇಮ್_ಫಾರ್ಮ್ಯಾಟ್ ಅನ್ನು %ಎಲ್‌ಎನ್ ಮಾಡಿದರೆ @ ನಂತರದ್ದು ಬಿಟ್ಟುಹೋಗುತ್ತದೆ (ಎಲ್ ದೊಡ್ಡದು, ಎನ್ ಸಣ್ಣದು). ಇನ್ನೂ ಗೊತ್ತಾಗದಿದ್ದರೆ ಆತ್_ಡೀಬಗ್ ಅನ್ನು ಯೆಸ್ ಮಾಡಿ ನೋಡಿ. ಕೆಲಸ ಮುಗಿದ ಮೇಲೆ ತೆಗೆಯಿರಿ. ಆತ್_ಡೀಬಗ್_ಪಾಸ್‌ವರ್ಡ್ಸ್ ಮುಟ್ಟಬೇಡಿ, ಅದು ಜನರ ಪಾಸ್‌ವರ್ಡನ್ನು ಲಾಗ್‌ಗೆ ಬರೆಯುತ್ತದೆ.

ಲಾಗಿನ್ ಸೋತ ಸಾಲಿನ ಕೊನೆಯಲ್ಲಿ ಯು, ಜಿ, ಎಫ್, ಝಡ್ ಅಂತ ಶುರುವಾಗುವ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಪಾಸ್‌ವರ್ಡ್ ಸೋರಿಹೋಯಿತು ಅಂತ ಹೆದರಿ ನನ್ನನ್ನು ಕೇಳಿದವರು ಇದ್ದಾರೆ. ಹೆದರಬೇಡಿ. ಅದು "ಪಾಸ್‌ವರ್ಡ್:" ಅನ್ನುವ ಪದವನ್ನೇ ಬೇಸ್64ನಲ್ಲಿ ಬರೆದದ್ದು. ಸರ್ವರ್ ಕೇಳಿದ ಪ್ರಶ್ನೆ, ಯಾರ ಉತ್ತರವೂ ಅಲ್ಲ.

ಟೆಲ್‌ನೆಟ್‌ನಲ್ಲಿ 587ಕ್ಕೆ ಹೋಗಿ ಇಎಚ್‌ಎಲ್‌ಓ ಅಂದಾಗ ಆತ್ ಸಾಲು ಕಾಣುವುದಿಲ್ಲ ಅಂತ ಇನ್ನು ಕೆಲವರಿಗೆ ಗಾಬರಿ. ಕಾಣಬಾರದು. ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆತ್_ಓನ್ಲಿ ಯೆಸ್ ಇದ್ದಾಗ ಟಿಎಲ್‌ಎಸ್ ಆದ ಮೇಲೆಯೇ ಪೋಸ್ಟ್‌ಫಿಕ್ಸ್ ಲಾಗಿನ್ ಬಾಗಿಲು ತೋರಿಸುತ್ತದೆ. ಆ ಸಾಲು ಕಾಣಲಿ ಅಂತ ಅದನ್ನು ನೋ ಮಾಡಿದರೆ ಪಾಸ್‌ವರ್ಡ್‌ಗಳು ತೆರೆದ ಪೋಸ್ಟ್‌ಕಾರ್ಡ್‌ನಂತೆ ಹೋಗುತ್ತವೆ. ಡವ್‌ಕಾಟ್‌ನ ಡಿಸೇಬಲ್_ಪ್ಲೇನ್‌ಟೆಕ್ಸ್ಟ್_ಆತ್ ಕೂಡ ಅಷ್ಟೆ, ಯೆಸ್ ಇರುವುದನ್ನು ಹಾಗೇ ಬಿಡಿ. ಅದನ್ನು ಸರ್ವರ್ ಒಳಗಿಂದ ಪರೀಕ್ಷೆ ಮಾಡಬೇಡಿ. ಅದೇ ಮೆಷಿನ್‌ನಿಂದ ಬಂದ ಸಂಪರ್ಕವನ್ನು ಡವ್‌ಕಾಟ್ ಸುರಕ್ಷಿತ ಅಂತಲೇ ಎಣಿಸುತ್ತದೆ, ಟಿಎಲ್‌ಎಸ್ ಇಲ್ಲದೆಯೂ ಬಿಡುತ್ತದೆ.

ಡೆಬಿಯನ್ 13ಕ್ಕೆ ಹೋದವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಡವ್‌ಕಾಟ್ 2.4 ಬರುತ್ತದೆ. ಹಳೆ ಸೆಟ್ಟಿಂಗ್ ಫೈಲ್ ಅದಕ್ಕೆ ಒಗ್ಗುವುದಿಲ್ಲ. ಮೊದಲ ಸೆಟ್ಟಿಂಗೇ ಡವ್‌ಕಾಟ್_ಕಾನ್ಫಿಗ್_ವರ್ಷನ್ ಇರಬೇಕು, ಹಲವು ಹೆಸರುಗಳು ಬದಲಾಗಿವೆ, < ಚಿಹ್ನೆಯ ಆಟವೂ ಹೋಗಿದೆ. ಅಪ್‌ಗ್ರೇಡ್ ಆದ ದಿನವೇ ಮೇಲ್ ನಿಂತರೆ ಡವ್‌ಕಾನ್ಫ್ -ಎನ್ ಕೊಡಿ. ಎಲ್ಲಿ ತಪ್ಪಿದೆ ಅಂತ ಅದೇ ಹೇಳುತ್ತದೆ.

ರಿಲೇ ಬಾಗಿಲು, ಮತ್ತು ನನಗೆ ಹೆಚ್ಚು ಭಯ ಹುಟ್ಟಿಸುವ ಒಂದು ಸಾಲು

ಒಂದು ಕಡೆ ನಾನು ಸರ್ವರ್ ವಹಿಸಿಕೊಂಡಾಗ ಮೇನ್.ಸಿಎಫ್‌ನಲ್ಲಿ ಮೈನೆಟ್‌ವರ್ಕ್ಸ್ ಸಾಲು ಹೀಗಿತ್ತು: 127.0.0.0/8 0.0.0.0/0. ಆ ಕೊನೆಯ ಒಂಬತ್ತು ಅಕ್ಷರದ ಅರ್ಥ "ಇಡೀ ಇಂಟರ್ನೆಟ್ ನಮ್ಮ ಮನೆಯವರೇ". ಮೈನೆಟ್‌ವರ್ಕ್ಸ್‌ನಲ್ಲಿ ಇರುವವರು ಪಾಸ್‌ವರ್ಡ್ ಇಲ್ಲದೆ ಯಾರಿಗೆ ಬೇಕಾದರೂ ಮೇಲ್ ಕಳಿಸಬಹುದು. ಹೊರಗೆ ಹೋಗಲು ಕಾಯುತ್ತಿರುವ ಮೇಲ್‌ಗಳ ಕ್ಯೂ ನೋಡಲು ಪೋಸ್ಟ್‌ಕ್ಯೂ -ಪಿ ಕೊಟ್ಟರೆ ಸಾಲುಗಳು ಓಡುತ್ತಲೇ ಇದ್ದವು. ಯಾವ ದೇಶದ್ದೋ ಲಾಟರಿ, ಯಾವುದೋ ಬ್ಯಾಂಕಿನ ಹೆಸರಿನ ಮೋಸದ ಮೇಲ್. ಆ ಕಚೇರಿಯವರು ಕಳಿಸಿದ ನಿಜವಾದ ಕೊಟೇಷನ್‌ಗಳು ವಾರಗಟ್ಟಲೆ ಗಿರಾಕಿಗಳ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತಿದ್ದವು.

ಯಾಕೆ ಹಾಕಿದ್ದರು ಗೊತ್ತಾ? ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಒಂದು ಜೆರಾಕ್ಸ್ ಮೆಷಿನ್‌ಗಾಗಿ. ಅದಕ್ಕೆ ಹೊಸ ಟಿಎಲ್‌ಎಸ್ ಬರುತ್ತಿರಲಿಲ್ಲ, "ರಿಲೇ ಆಕ್ಸೆಸ್ ಡಿನೈಡ್" ಬರುತ್ತಿತ್ತು. ಸರ್ವರ್ ಅದೇ ಕಟ್ಟಡದಲ್ಲಿತ್ತು. ಆ ಮೆಷಿನ್‌ಗೆ ಒಂದು ಸ್ಥಿರ ಐಪಿ ಕೊಟ್ಟು, 192.168.1.40/32 ಅಂತ ಅದೊಂದನ್ನೇ ಬರೆದಿದ್ದರೆ ಸಾಕಿತ್ತು. ನಾನು ಮಾಡಿದ್ದೂ ಅಷ್ಟೇ.

ಡಾಕರ್‌ನಲ್ಲಿ ಪೋಸ್ಟ್‌ಫಿಕ್ಸ್ ಓಡಿಸುವವರು ಇನ್ನೂ ಹುಷಾರಾಗಿರಬೇಕು. ಕೆಲವು ಜೋಡಣೆಯಲ್ಲಿ ಹೊರಗಿಂದ ಬಂದ ಎಲ್ಲರೂ ಡಾಕರ್‌ನ ಒಳಗಿನ ವಿಳಾಸದಿಂದಲೇ ಬಂದಂತೆ ಕಾಣುತ್ತಾರೆ. ಆ ವಿಳಾಸ ಮೈನೆಟ್‌ವರ್ಕ್ಸ್‌ನಲ್ಲಿದ್ದರೆ ಬಾಗಿಲು ಹಾರುಹೊಡೆದಂತೆಯೇ. ಲಾಗ್‌ನಲ್ಲಿ ಎಲ್ಲ ಸಂಪರ್ಕಗಳೂ 172.17ರಿಂದ ಬರುತ್ತಿವೆಯಾ ನೋಡಿ.

ಸೆಟ್ಟಿಂಗ್ ನೋಡುವಾಗ ಪೋಸ್ಟ್‌ಕಾನ್ಫ್ -ಎನ್ ಒಂದನ್ನೇ ನಂಬಬೇಡಿ. ಅದು ಮೇನ್.ಸಿಎಫ್ ಮಾತ್ರ ತೋರಿಸುತ್ತದೆ. 587 ಮತ್ತು 465ಕ್ಕೆ ಮಾಸ್ಟರ್.ಸಿಎಫ್‌ನಲ್ಲಿ ಬೇರೆ ಬೆಲೆಗಳಿರುತ್ತವೆ. ಅವನ್ನು ನೋಡಲು ಪೋಸ್ಟ್‌ಕಾನ್ಫ್ -ಪಿ, ಇಲ್ಲಿ ಪಿ ದೊಡ್ಡಕ್ಷರ. ನಾನು ಲಾಗಿನ್ ಸೌಲಭ್ಯವನ್ನು ಮೇನ್.ಸಿಎಫ್‌ನಲ್ಲಿ ನೋ ಮಾಡಿ, 587 ಮತ್ತು 465ರಲ್ಲಿ ಮಾತ್ರ ಯೆಸ್ ಮಾಡುತ್ತೇನೆ. ಆಗ 25ರಲ್ಲಿ ಪಾಸ್‌ವರ್ಡ್ ಊಹಿಸಲು ಬರುವವರಿಗೆ ತಟ್ಟಲು ಬಾಗಿಲೇ ಇರುವುದಿಲ್ಲ. 587ರಲ್ಲಿ ಟಿಎಲ್‌ಎಸ್ ಮಟ್ಟ "ಎನ್‌ಕ್ರಿಪ್ಟ್" (ಕಡ್ಡಾಯ), 25ರಲ್ಲಿ "ಮೇ" (ಆಗುವವರಿಗೆ ಮಾತ್ರ). 25ರಲ್ಲೂ ಎನ್‌ಕ್ರಿಪ್ಟ್ ಮಾಡಿದರೆ ಟಿಎಲ್‌ಎಸ್ ಗೊತ್ತಿಲ್ಲದ ಹಳೆ ಸರ್ವರ್‌ಗಳಿಂದ ಮೇಲ್ ಬರುವುದೇ ನಿಲ್ಲುತ್ತದೆ.

ಮೈನೆಟ್‌ವರ್ಕ್ಸ್ ಸರಿಯಿದ್ದೂ ಕ್ಯೂ ತುಂಬುತ್ತಿದ್ದರೆ ಯಾರದೋ ಪಾಸ್‌ವರ್ಡ್ ಹೋಗಿದೆ. ಲಾಗ್‌ನಲ್ಲಿ ಎಸ್‌ಎಎಸ್‌ಎಲ್_ಯೂಸರ್‌ನೇಮ್ ಹುಡುಕಿ ಎಣಿಸಿ. ಒಬ್ಬರ ಹೆಸರು ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಪಾಸ್‌ವರ್ಡ್ ಬದಲಿಸಿ, ಡವ್‌ಅಡ್ಮ್ ಕಿಕ್ ಕೊಟ್ಟು ತೆರೆದಿರುವ ಸಂಪರ್ಕ ಕತ್ತರಿಸಿ, ಪೋಸ್ಟ್‌ಫಿಕ್ಸನ್ನೂ ರೀಸ್ಟಾರ್ಟ್ ಮಾಡಿ. ಕ್ಯೂ ಖಾಲಿ ಮಾಡುವಾಗ ಆ ಬಳಕೆದಾರರ ಮೇಲ್‌ಗಳನ್ನು ಮಾತ್ರ ಅಳಿಸಿ. ಎಲ್ಲ ಅಳಿಸಿದರೆ ಬೇರೆಯವರ ನಿಜವಾದ ಮೇಲ್ ಕೂಡ ಹೋಗುತ್ತದೆ.

ಮುಗಿಸುವ ಮುಂಚೆ ಹೊರಗಿಂದ ಎರಡು ಪರೀಕ್ಷೆ

ದೋಷ ಸರಿಹೋಯಿತು ಅಂತ ಟರ್ಮಿನಲ್ ಮುಚ್ಚುವ ಮೊದಲು ಬೇರೆ ನೆಟ್‌ವರ್ಕ್‌ನ ಮೆಷಿನ್‌ನಿಂದ ಎರಡು ಪ್ರಯತ್ನ ಮಾಡುತ್ತೇನೆ. ಮನೆಯ ಇಂಟರ್ನೆಟ್‌ನಲ್ಲಿ ಹೊರಗೆ ಹೋಗುವ 25ನ್ನು ತಡೆದಿರಬಹುದು, ಆಗ ಇನ್ನೊಂದು ಸರ್ವರ್‌ನಿಂದ ಮಾಡಿ.

ಮೊದಲನೆಯದು 25ಕ್ಕೆ. ಲಾಗಿನ್ ಆಗದೆ, ನಮ್ಮದಲ್ಲದ ಡೊಮೇನ್‌ನ ನನ್ನದೇ ಇನ್ನೊಂದು ವಿಳಾಸಕ್ಕೆ ಮೇಲ್ ಕಳಿಸಲು ನೋಡುತ್ತೇನೆ. ಉತ್ತರ 454 4.7.1, ರಿಲೇ ಆಕ್ಸೆಸ್ ಡಿನೈಡ್. ಕೆಲವು ಸೆಟ್ಟಿಂಗ್‌ನಲ್ಲಿ 454ರ ಬದಲು 554 5.7.1 ಬರುತ್ತದೆ, ಅದೂ ಸರಿ. 250 ಅಂತ ಬಂದರೆ, ಅಂದರೆ ಸರ್ವರ್ ಒಪ್ಪಿಕೊಂಡರೆ, ಮತ್ತೆ ಮೈನೆಟ್‌ವರ್ಕ್ಸ್‌ಗೆ ವಾಪಸ್.

ಎರಡನೆಯದು 587ಕ್ಕೆ. ಟಿಎಲ್‌ಎಸ್ ಮಾಡದೆ ಸುಳ್ಳು ಹೆಸರಿನಲ್ಲಿ ಲಾಗಿನ್ ಆಗಲು ಹೋಗುತ್ತೇನೆ. ಸರ್ವರ್ ಹೇಳಬೇಕಾದದ್ದು ಇಷ್ಟು: 530 5.7.0, ಮಸ್ಟ್ ಇಶ್ಯೂ ಎ ಸ್ಟಾರ್ಟ್‌ಟಿಎಲ್‌ಎಸ್ ಕಮಾಂಡ್ ಫಸ್ಟ್. ಅದು ಬಂದ ಮೇಲೆ ಕ್ವಿಟ್ ಅಂತ ಟೈಪ್ ಮಾಡಿ, ಮೇಡಂಗೆ ಫೋನ್ ಮಾಡುತ್ತೇನೆ.